ನೆರಳಿನ ಲೆಕ್ಕ

ರಾಯಚೂರು, ಏಪ್ರಿಲ್ 17, ಬೆಳಗ್ಗೆ

ಹವಾಮಾನ ಕೇಂದ್ರದಿಂದ 8:30ರ ರೀಡಿಂಗ್ ಕಳಿಸಿದ್ದಾಯಿತು. ಕನಿಷ್ಠ ತಾಪ 28.6 ಡಿಗ್ರಿ. ರಾತ್ರಿಯಿಡೀ ಗೋಡೆಗಳು ಕಾದೇ ಇದ್ದವು. ವೆಟ್ ಬಲ್ಬ್ ಥರ್ಮಾಮೀಟರಿನ ಮಸ್ಲಿನ್ ಬಟ್ಟೆ ಹಳದಿಗಟ್ಟಿತ್ತು, ಬದಲಿಸಿದೆ. ಸುಕ್ಕಿಲ್ಲದೆ ಒಂದೇ ಸುತ್ತು ಕೂರಬೇಕು, ಬತ್ತಿ ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿರಬೇಕು. ನಲ್ಲಿ ನೀರಾದರೆ ಉಪ್ಪು ಕಟ್ಟಿ ರೀಡಿಂಗೇ ಸುಳ್ಳು. ಥರ್ಮಾಮೀಟರುಗಳ ಪೆಟ್ಟಿಗೆಯ ಬಾಗಿಲು ತೆರೆದಾಗ ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ನನ್ನ ಮೈಕಾವು ಲೆಕ್ಕಕ್ಕೆ ಸೇರಬಾರದು.

ಸಂಜೆ

ಗರಿಷ್ಠ 42.4. ಗೇಟಿನ ಬಳಿ ಗಂಜಿನ, ಅಂದರೆ ಕಾಳಿನ ಮಂಡಿಯ, ಹಮಾಲ ಬಸಣ್ಣ. "ಸಾಹೇಬ್ರ, ಇವತ್ತ ನಿಮ್ಮ ಡಬ್ಬಿ ಏನಂತೈತ್ರಿ?" ಹೇಳಿದೆ. ನಕ್ಕ. "ಅಷ್ಟ? ಡಬ್ಬಿಗೆ ಒಂದ್ ಚೀಲ ಹೊರಸ್ರಿ, ಆಮ್ಯಾಲ ಖರೇ ಹೇಳ್ತೈತಿ."

ಬಿಳಿ ಬಣ್ಣ, ಗಾಳಿಯಾಡುವ ಪಟ್ಟಿಗೋಡೆ, ಉತ್ತರಕ್ಕೆ ಬಾಗಿಲು. ಬಿಸಿಲು ತಾಗಬಾರದೆಂದೇ ಮಾಡಿದ ಪೆಟ್ಟಿಗೆ. ಹಾಗಿದ್ದರೇ ಒಂದೂರಿನ ಅಂಕಿಯನ್ನು ಇನ್ನೊಂದೂರಿನ ಪಕ್ಕ ಇಡಬಹುದು. ಇದನ್ನು ಅವನಿಗೆ ಹೇಳಲು ಹೋಗಲಿಲ್ಲ.

ಏಪ್ರಿಲ್ 21

ಆಸ್ಪತ್ರೆಯಿಂದ ಡಾಕ್ಟರ್ ಮೇಡಂ ಫೋನ್. ಗರಿಷ್ಠ ಮಾತ್ರ ಸಾಲದು, ವೆಟ್ ಬಲ್ಬೂ ರಾತ್ರಿಯ ಕನಿಷ್ಠವೂ ಬೇಕಂತೆ. ರಾತ್ರಿ ತಣಿಯದಿದ್ದರೆ ಮೈ ಸುಧಾರಿಸಿಕೊಳ್ಳುವುದಿಲ್ಲ ಎಂದರು. ನನ್ನ ಅಂಕಿಗಾಗಿ ಒಬ್ಬರು ಕಾಯುತ್ತಾರೆಂದು ಖುಷಿಯಾಯಿತು. ಖುಷಿಪಡುವ ವಿಷಯವೇ ಇದು?

ಏಪ್ರಿಲ್ 24, ರಾತ್ರಿ

ನಿದ್ದೆಯಿಲ್ಲ. ಹಳೆಯದನ್ನೆಲ್ಲ ಓದುತ್ತ ಕೂತೆ. 1864ರ ಕಲ್ಕತ್ತದ ಚಂಡಮಾರುತ, 1866ರ ಬರ, 1875ರಲ್ಲಿ ಹವಾಮಾನ ಇಲಾಖೆ, ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್: ಇದು ತರಬೇತಿಯಲ್ಲೇ ಬಾಯಿಪಾಠ. ಅದಕ್ಕೂ ಮುಂಚೆ ಎಷ್ಟೋ ಊರುಗಳಲ್ಲಿ ಥರ್ಮಾಮೀಟರು ವೈದ್ಯರ ಕೈಯಲ್ಲಿತ್ತು. ಪಟಾಲಮ್ಮುಗಳು ಯುದ್ಧಕ್ಕಿಂತ ಜ್ವರ, ಕಾಲರಾಗಳಿಗೇ ಹೆಚ್ಚು ಬಲಿಯಾಗುತ್ತಿದ್ದ ಕಾಲ. ರೋಗ ಗಾಳಿಯಲ್ಲಿ ಬರುತ್ತದೆಂಬ ಗುಮಾನಿ. 1869ರಲ್ಲಿ ಬ್ರೈಡನ್ ಎಂಬ ವೈದ್ಯ, ಕಾಲರಾ ಮುಂಗಾರು ಗಾಳಿಯ ಜೊತೆ ಸಾಗುತ್ತದೆಂದು ಪುಟಗಟ್ಟಲೆ ಅಂಕಿ ಜೋಡಿಸಿದ. 1884ರಲ್ಲಿ ಜರ್ಮನ್ ವಿಜ್ಞಾನಿ ಕಾಖ್ ಕಲ್ಕತ್ತದ ಕೆರೆ ನೀರಿನಲ್ಲೇ ಅದರ ಅಣುಜೀವಿಯನ್ನು ಕಂಡ. ಗಾಳಿಯ ಲೆಕ್ಕ ದಂಡವಾಯಿತೇ? ಹಾಗೂ ಅಲ್ಲ. 1908ರ ಪಂಜಾಬಿನ ಮಲೇರಿಯಾ ಮಾರಿಯನ್ನು ಕ್ರಿಸ್ಟೋಫರ್ಸ್ ಎಂಬ ವೈದ್ಯ ಬಿಡಿಸಿ ನೋಡಿದ್ದು ಮಳೆಯ ದಾಖಲೆ ಹಿಡಿದೇ. ಪಕ್ಕದಲ್ಲಿ ಕಾಳಿನ ಬೆಲೆಯನ್ನೂ ಇಟ್ಟಿದ್ದ. ಆ ಕಾಲಂ ನಮ್ಮ ರಿಜಿಸ್ಟರಿನಲ್ಲಿಲ್ಲ.

ಏಪ್ರಿಲ್ 29

43.1. ಗಂಜಿನಲ್ಲಿ ಒಬ್ಬ ಹಮಾಲ ತೀರಿಕೊಂಡ. ಚೀಲ ಇಳಿಸಿ ಕೂತವನು ಮತ್ತೆ ಏಳಲಿಲ್ಲ. ಹೃದಯಾಘಾತ ಅಂತ ಬರೆದಿದ್ದಾರಂತೆ. ಇರಬಹುದು. ಬಸಣ್ಣ ಇವತ್ತು ಡಿಗ್ರಿ ಕೇಳಲಿಲ್ಲ.

ಮೇ 3

ಮೇಡಂ ಜೊತೆ ಬಿಸಿಲಿನ ಸಾವುಗಳ ಮಾತೇ ಬಂತು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚು. ಹಿಂದಿನ ವರ್ಷಗಳ ಲೆಕ್ಕದ ಪಕ್ಕ ಇಟ್ಟಾಗಲೇ ಅದು ಕಂಡದ್ದು. 2013ರಲ್ಲಿ ಅಲ್ಲಿ ಬಿಸಿಲಿನ ಕಾರ್ಯಯೋಜನೆ ಬಂತು: ಮುನ್ಸೂಚನೆ ನೋಡಿ ಆಸ್ಪತ್ರೆಗೂ ಜನರಿಗೂ ಮೊದಲೇ ಎಚ್ಚರಿಕೆ. ತಾಪ ವಾಡಿಕೆಗಿಂತ ಎಷ್ಟು ಹೆಚ್ಚೆಂದು ನಾನು ದಿನಾ ಕಳೆದು ನೋಡುತ್ತೇನೆ. ಸಾವನ್ನೂ ಹಾಗೆ ಕಳೆಯಬಹುದೆಂದು ಹೊಳೆದಿರಲಿಲ್ಲ.

ಮೇ 9

ಮೋಡ. ಹನಿ ಇಲ್ಲ. ಗರಿಷ್ಠ 38.2ಕ್ಕೆ ಇಳಿದಿದೆ. "ಬಿಸಿಲು ಇಳೀತು ಅಂತ ಹಾಕ್ಲಾ ಸರ್?" ಎಂದು ಪೇಪರಿನ ವರದಿಗಾರ ಹುಡುಗ. ಸಂಜೆಗೆ ಡ್ರೈ 36, ವೆಟ್ 27.8. ಹೋದ ವಾರ 41 ಇದ್ದಾಗ ವೆಟ್ 24ರಲ್ಲಿತ್ತು, ಬೆವರು ಆರುತ್ತಿತ್ತು. ಇವತ್ತು ಆರುತ್ತಲೇ ಇಲ್ಲ, ಮೈಗೆ ಇವತ್ತೇ ಕಷ್ಟ ಎಂದು ವಿವರಿಸಿದೆ. "ಅದು ಹೆಡ್‌ಲೈನಿಗೆ ಕೂರಲ್ಲ ಸರ್."

ಮೇ 12

ಮಳೆ! 46.2 ಮಿ.ಮೀ. ಹೊದ್ದು ಮಲಗಿದೆ.

ಮೇ 15

ಮೇಡಂ ಫೋನ್. ತಾಪ ಕೇಳಲಿಲ್ಲ. ಮಳೆ ಎಷ್ಟಕ್ಕೆ ಹಿಡಿಯಿತು, ಎಷ್ಟಕ್ಕೆ ಬಿಟ್ಟಿತು? ಒಂದೇ ಓಣಿಯಿಂದ ವಾಂತಿಭೇದಿ ಕೇಸುಗಳು ಬರುತ್ತಿವೆಯಂತೆ, ಪೈಪಿಗೆ ಚರಂಡಿ ನೀರು ಸೇರಿರುವ ಅನುಮಾನ. ಮಳೆಮಾಪಕದ ಚಾರ್ಟು ತೆಗೆದು ಗೆರೆ ಓದಿ ಹೇಳಿದೆ. ಯಾವ ಓಣಿ ಎಂದೆ. ಗಂಜಿನ ಹಿಂದಿನದು.

ನಾಳೆ ರೀಡಿಂಗ್ ಕಳಿಸಿ ಅತ್ತ ಹೋಗಿ ಬರಬೇಕು. ಹೋಗಿ ಏನು ಮಾಡುತ್ತೇನೋ, ಗೊತ್ತಿಲ್ಲ.