ಕಗುವಾನದ ಕಲ್ಲುಗಳು

ಪೋರ್ಟೊರಿಕೊಗೆ ಬರುವವರಲ್ಲಿ ಹೆಚ್ಚಿನವರು ಸಾನ್ ಹ್ವಾನ್‌ನ ಕಡಲತೀರದಲ್ಲೇ ಉಳಿದುಬಿಡುತ್ತಾರೆ. ದ್ವೀಪದ ಮೂಲನಿವಾಸಿಗಳಾದ ತೈನೊ ಜನರ ಕಲೆ ಕಾಣಬೇಕಾದರೆ ಅರೆಸಿಬೊ ದಾಟಿ ಬೆಟ್ಟ ಹತ್ತಬೇಕು. ಸುಣ್ಣಕಲ್ಲಿನ ಗುಡ್ಡಗಳ ನಡುವೆ, ತನಾಮಾ ನದಿಯ ಪಕ್ಕದಲ್ಲಿ, ಉತುವಾದೊ ಊರಿಗೆ ಸೇರಿದ ಕಗುವಾನ ಇದೆ.

ಹಸಿರು ಹುಲ್ಲಿನ ಅಂಗಳಗಳು, ಅವುಗಳ ಅಂಚಿಗೆ ಸಾಲಾಗಿ ನಿಲ್ಲಿಸಿದ ಚಪ್ಪಡಿಗಳು. ಈ ಅಂಗಳಕ್ಕೆ ತೈನೊ ಜನ 'ಬತೆಯ್' ಎನ್ನುತ್ತಿದ್ದರು. ಸುಮಾರು 800 ವರ್ಷಗಳ ಹಿಂದೆ ಇಲ್ಲಿ ರಬ್ಬರ್ ಚೆಂಡಿನಾಟ ನಡೆಯುತ್ತಿತ್ತು. ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ; ಸೊಂಟ, ಭುಜ, ಮೊಣಕಾಲುಗಳಿಂದಲೇ ಹೊಡೆಯಬೇಕು. ಅದು ಪುಟಿಯುವ ಪರಿ ಕಂಡು ಸ್ಪೇನಿನವರು ಬೆರಗಾದರಂತೆ, ಯುರೋಪಿಗೆ ರಬ್ಬರ್ ಗೊತ್ತೇ ಇರಲಿಲ್ಲ. ಹಾಡು, ಕುಣಿತಗಳ ಮೂಲಕ ಹಿರಿಯರ ಕಥೆ ಹೇಳುವ 'ಅರೆಯ್ತೊ' ನಡೆಯುತ್ತಿದ್ದುದೂ ಇಂಥ ಅಂಗಳಗಳಲ್ಲೇ.

ದೊಡ್ಡ ಅಂಗಳದ ಅಂಚಿನ ಒಂದು ಚಪ್ಪಡಿಯ ಮುಂದೆ ನಾನು ಬಹಳ ಹೊತ್ತು ನಿಂತೆ. 'ಕಗುವಾನದ ಹೆಣ್ಣು' ಅಂತ ಹೆಸರಾದ ಚಿತ್ರ ಅದು. ತಲೆಗೆ ಅಲಂಕಾರ, ಕಿವಿಗೆ ದುಂಡನೆಯ ಓಲೆ, ಹೊಟ್ಟೆಯ ನಡುವೆ ಹೊಕ್ಕುಳ. ಕಾಲುಗಳು ಮಾತ್ರ ಕಪ್ಪೆಯವು, ಮಡಚಿ ಅಗಲಿಸಿದವು. ಮಳೆಗಾಲದ ಕಪ್ಪೆಯೂ ಹೆರುವ ತಾಯಿಯೂ ಒಂದೇ ಗೆರೆಯಲ್ಲಿ ಕೂಡಿಬಿಟ್ಟಿದ್ದಾರೆ. ನೀರಿನ, ಫಲವಂತಿಕೆಯ ತಾಯಿ ಅತಬೆಯ್ ಇವಳೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕಬ್ಬಿಣ ಕಾಣದ ಕೈಗಳು ಕಲ್ಲಿನಿಂದಲೇ ಕಲ್ಲು ಕೊರೆದು ತೆಗೆದ ಗೆರೆಗಳಿವು. ಎಲ್ಲೂ ಒಂದು ಗೆರೆ ಹೆಚ್ಚಿಲ್ಲ.

ಅತಬೆಯ್‌ಳ ಮಗ ಯೂಕಾಹು, ಮರಗೆಣಸಿನ ದೇವರು. ವಿಷವಿರುವ ಕಹಿ ಗೆಣಸನ್ನು ತುರಿದು, ರಸ ಹಿಂಡಿ, ರೊಟ್ಟಿ ಸುಡುವ ವಿದ್ಯೆ ಈ ಜನರಿಗೆ ಕರಗತವಾಗಿತ್ತು. ಅವರು ಕೆತ್ತಿದ ಮೂರು ಮೊನೆಯ 'ಸೆಮಿ' ಕಲ್ಲುಗಳು ಅವನವೇ ಎನ್ನುತ್ತಾರೆ. ಬೆಳೆ ಹುಲುಸಾಗಲೆಂದು ಅವನ್ನು ಹೊಲದಲ್ಲಿ ಹೂಳುವ ರೂಢಿಯಿತ್ತು.

ಕೊಲಂಬಸ್ ಈ ದ್ವೀಪಕ್ಕೆ ಬಂದದ್ದು 1493ರಲ್ಲಿ. ಆಮೇಲಿನದು ಚಿನ್ನದ ಗಣಿಗಳ ಜೀತ, ಸಿಡುಬು, ಸಾವು. ತೈನೊ ಜನಾಂಗವೇ ಅಳಿಯಿತೆಂದು ಪುಸ್ತಕಗಳು ಬರೆದವು. ಆದರೆ ಬಹಾಮಾಸ್‌ನ ಗುಹೆಯಲ್ಲಿ ಸಿಕ್ಕ ಸುಮಾರು ಸಾವಿರ ವರ್ಷದ ಹಲ್ಲೊಂದರ ಡಿಎನ್‌ಎ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇಂದಿನ ಪೋರ್ಟೊರಿಕೊ ಜನರ ರಕ್ತದಲ್ಲಿ ಆ ವಂಶ ಹರಿಯುತ್ತಿದೆಯೆಂದು ಅದು ತೋರಿಸಿತು.

ತೈನೊ ಕಲೆಯ ಶ್ರೇಷ್ಠ ಕೃತಿಗಳಲ್ಲಿ ಹಲವು ಇಂದು ಲಂಡನ್, ರೋಮ್‌ಗಳ ಗಾಜಿನ ಪೆಟ್ಟಿಗೆಗಳಲ್ಲಿವೆ. ಅವುಗಳಲ್ಲೊಂದಾದ ಚಿನ್ನದ ಕಣ್ಣಿನ ಮರದ ಪೀಠವನ್ನು ನೋಡಲು ಆ ವಂಶದ ಮಕ್ಕಳು ಸಾಗರ ದಾಟಬೇಕು, ಇದು ಅನ್ಯಾಯ. ಕಗುವಾನದ ಹೆಣ್ಣು ಮಾತ್ರ ತನ್ನ ನೆಲದಲ್ಲೇ ಇದ್ದಾಳೆ. ಹೋಗುವವರು ನೆತ್ತಿ ಬಿಸಿಲು ತಪ್ಪಿಸಿ. ಗೆರೆಗಳ ಆಳ ಕಡಿಮೆ, ಓರೆ ಬೆಳಕಿನಲ್ಲಷ್ಟೇ ಅವು ಎದ್ದು ಕಾಣುತ್ತವೆ.