ಚಕ್ರಕ್ಕೂ ಒಂದು ಚರ್ಮ

ಆಯುಧಪೂಜೆಯ ಹಿಂದಿನ ದಿನ ಉಡುಪಿ ಸೀಮೆಯ ಮನೆಗಳ ಅಂಗಳದಲ್ಲಿ ಬಕೇಟುಗಳ ಸದ್ದು ಜೋರು. ಸೈಕಲ್ಲು, ಸ್ಕೂಟರು, ಪಂಪ್‌ಸೆಟ್ಟು, ಕತ್ತಿ, ಹಾರೆ, ಎಲ್ಲಕ್ಕೂ ಅಂದು ಸ್ನಾನವಾಗಲೇಬೇಕು. ನಾಲ್ಕು ತಿಂಗಳು ಸುರಿದ ಮಳೆ ಆಗಷ್ಟೇ ಹಿಂದೆ ಸರಿದಿರುತ್ತದೆ. ಮುರಕಲ್ಲಿನ ನೆಲದ ಕೆಂಪು ಕೆಸರು ಮೆತ್ತಿಕೊಳ್ಳದ ವಾಹನವೇ ಇರುವುದಿಲ್ಲ.

ಮಲ್ಪೆಯ ಕಡಲಿನಿಂದ ಹೆಚ್ಚು ದೂರವಿಲ್ಲದ ಅಂಥದೊಂದು ಮನೆ. ಯಜಮಾನರು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಇಪ್ಪತ್ತು ವರ್ಷ ಸ್ಕೂಟರಿನಲ್ಲೇ ಓಡಾಡಿ, ಮಗಳ ಮದುವೆ ಮಾಡಿ, ಸಾಲ ತೀರಿಸಿ, ಕೊನೆಗೊಂದು ಹಳೆಯ ಕಾರು ಕೊಂಡಿದ್ದರು. ಕಾರಿನ ಮೊದಲ ಒಡೆಯ ಶೋಕಿಯ ಮನುಷ್ಯ. ಉಕ್ಕಿನ ಚಕ್ರಗಳನ್ನು ತೆಗೆಸಿ ಅಲಾಯ್ ವೀಲ್ ಹಾಕಿಸಿದ್ದ. ಬೆಳ್ಳಿಬಣ್ಣದ ಆ ಚಕ್ರಗಳೆಂದರೆ ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆ. ಬಾಯಿಬಿಟ್ಟು ಹೇಳುವವರಲ್ಲ. ಆದರೆ ಶಾಲೆಯಿಂದ ಬಂದು ಕಾರು ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದ ಮೇಲೆ ಒಮ್ಮೆ ತಿರುಗಿ ನೋಡುತ್ತಿದ್ದರು. ಮಗ ಅದನ್ನು ಗಮನಿಸಿದ್ದ.

ಮಗ ದ್ವಿತೀಯ ಪಿಯುಸಿ. ಕಾಲೇಜಿನ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು; ಗಣಿತದಲ್ಲಿ ಮಾತ್ರ ಕಡಿಮೆ. ಗಣಿತದ ಮೇಷ್ಟ್ರ ಮಗನಿಗೆ ಗಣಿತದಲ್ಲೇ ಕಡಿಮೆ! ಅಪ್ಪ ಬೈಯಲಿಲ್ಲ, ಮಾತು ಕಡಿಮೆ ಮಾಡಿದರು. ಬೈಗುಳಕ್ಕಿಂತ ಅದೇ ಭಾರವಾಗಿತ್ತು. ಅಪ್ಪ ಹೂವು ಹಣ್ಣು ತರಲು ಸ್ಕೂಟರಿನಲ್ಲಿ ಪೇಟೆಗೆ ಹೋಗಿ ಬರುವುದರೊಳಗೆ ಆ ಚಕ್ರಗಳನ್ನು ಕನ್ನಡಿಯಂತೆ ಮಾಡಿಟ್ಟರೆ ಮೌನ ಮುರಿದೀತು ಎಂದು ಹುಡುಗನ ಲೆಕ್ಕ. ಆ ಲೆಕ್ಕವೂ ತಪ್ಪಿತು.

ಕೆಂಪು ಕೆಸರು ನೀರಿಗೇ ಹೋಯಿತು. ಆದರೆ ಮುಂದಿನ ಎರಡು ಚಕ್ರಗಳ ಮೇಲೆ ಕಪ್ಪು ಬೂದಿಯಂಥ ಪೊರೆ, ಅದರ ನಡುವೆ ಸಾಸಿವೆಯಷ್ಟು ಸಣ್ಣ ಕಂದು ಚುಕ್ಕಿಗಳು. ಬಟ್ಟೆ ಒಗೆಯುವ ಪುಡಿ ಹಾಕಿದ, ಜಗ್ಗಲಿಲ್ಲ. ಪಾತ್ರೆ ಉಜ್ಜುವ ಸ್ಟೀಲಿನ ಸ್ಕ್ರಬ್ಬರ್ ತಂದು ತಿಕ್ಕಿದ. ಅಷ್ಟಿಷ್ಟು ಹೋಯಿತು, ಜೊತೆಗೆ ಹೊಳಪೂ ಹೋಯಿತು. ಆಗ ನೆನಪಾದದ್ದು ಬಚ್ಚಲುಮನೆಯ ಮೂಲೆಯ ಬಾಟಲಿ. ನೆಲದ ಟೈಲ್ಸಿನ ಹಳೆಯ ಕಲೆಯನ್ನೇ ಎಬ್ಬಿಸುವ ವಸ್ತುವಿಗೆ ಚಕ್ರದ ಕಲೆ ಯಾವ ಲೆಕ್ಕ?

ಅದು ಹೈಡ್ರೋಕ್ಲೋರಿಕ್ ಆಮ್ಲ. ಮೇಷ್ಟ್ರು ದೊಡ್ಡ ಕ್ಯಾನಿನಲ್ಲಿ ಅಗ್ಗಕ್ಕೆ ಕೊಂಡು ಖಾಲಿಯಾದ ತಂಪುಪಾನೀಯದ ಬಾಟಲಿಗೆ ತುಂಬಿಸಿಟ್ಟಿದ್ದರು. ಬಾಟಲಿಯ ಮೇಲೆ ಹೆಸರಿಲ್ಲ, ಎಚ್ಚರಿಕೆಯಿಲ್ಲ.

ಸುರಿದ ಕೂಡಲೇ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸ್ಕ್ರಬ್ಬರ್ ಗೀರಿದ ಜಾಗಗಳಲ್ಲಿ ಸೋಡಾ ಬಾಟಲಿ ತೆರೆದಂತೆ ಗುಳ್ಳೆಗಳೆದ್ದವು. ಘಾಟು ಮೂಗಿಗೆ ಬಡಿಯಿತು. ಕಲೆ ಹೋಗುತ್ತಿದೆ ಎಂದೇ ಹುಡುಗ ಸಂತೋಷಪಟ್ಟ. ಬ್ರಷ್ಷಿನಿಂದ ಜೋರಾಗಿ ತಿಕ್ಕಿದಾಗ ಸಿಡಿದ ಹನಿಗಳು ಮಣಿಕಟ್ಟಿನ ಮೇಲೆ, ಕಣ್ಣಿನ ಕೆಳಗೆ ಕೆನ್ನೆಯ ಮೇಲೆ ಬಿದ್ದವು. ಅವನ ಕೂಗು ಕೇಳಿ ಅಡುಗೆಮನೆಯಿಂದ ಓಡಿಬಂದ ಅಮ್ಮ ಒಂದೂ ಪ್ರಶ್ನೆ ಕೇಳದೆ ಅವನನ್ನು ನಲ್ಲಿಯ ಕೆಳಗೆ ಕೂರಿಸಿದರು. ಮುಖ, ಕೈ ಎರಡರ ಮೇಲೂ ಇಪ್ಪತ್ತು ನಿಮಿಷ ನೀರು ಹರಿಸಿದರು.

ಮೇಷ್ಟ್ರು ಅದೇ ಹೊತ್ತಿಗೆ ಗೇಟು ತೆರೆದು ಒಳಗೆ ಬಂದರು. ಬಂದವರ ಕಣ್ಣು ಮೊದಲು ಹೋದದ್ದು ಚಕ್ರದ ಕಡೆಗೆ. ಬೆಳ್ಳಿಬಣ್ಣದ ಮೇಲೆ ಸುಣ್ಣದ ನೀರು ಹರಿದಂತೆ ಬಿಳಿ ಬಿಳಿ ಕಲೆ.

‘ಎಂಥದಿದು?’ ಎಂದರು.

‘ಚಕ್ರ ಎಂತ ನೋಡ್ತೀರಿ? ಮೊದಲು ಹುಡುಗನ ಕಣ್ಣು ನೋಡಿ’ ಎಂದರು ಅಮ್ಮ.

ಆ ಒಂದು ಮಾತು ಮೇಷ್ಟ್ರಿಗೆ ನಾಟಿದಷ್ಟು ಆಮ್ಲ ಯಾವ ಲೋಹಕ್ಕೂ ನಾಟಿರಲಿಕ್ಕಿಲ್ಲ.

ವೈದ್ಯರು ನೋಡಿ ಕಣ್ಣಿಗೇನೂ ಆಗಿಲ್ಲ, ಕೂಡಲೇ ನೀರು ಹಾಕಿದ್ದು ಒಳ್ಳೆಯದಾಯಿತು ಎಂದರು. ಮಣಿಕಟ್ಟಿನ ಮೇಲೆ ಒಂದು ಕೆಂಪು ಗುರುತು ಉಳಿಯಿತು. ರಾತ್ರಿ ಊಟಕ್ಕೆ ಕುಳಿತಾಗ ಮೂವರಲ್ಲಿ ಯಾರಿಗೂ ಮಾತಿಲ್ಲ. ಕೊನೆಗೆ ಮೌನ ಮುರಿದವರು ಅಮ್ಮನೇ.

‘ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬಾರದು, ಸೋಡಾ ಹಾಕಿ ತಿಕ್ಕಬಾರದು ಅಂತ ನಾನು ಎಷ್ಟು ಸಲ ಹೇಳಿದ್ದೇನೆ? ಅದೇ ಅಲ್ವಾ ಇದೂ?’

ಹುಡುಗನ ಕೈತುತ್ತು ಅಲ್ಲೇ ನಿಂತಿತು. ಅದೇ ಇದು! ಅಲಾಯ್ ವೀಲ್ ಎಂದರೆ ಬೇರೇನೂ ಅಲ್ಲ, ಅಲ್ಯುಮಿನಿಯಮ್ಮಿನ ಮಿಶ್ರಲೋಹ. ಹೆಚ್ಚಾಗಿ ಬಳಕೆಯಲ್ಲಿರುವ ಬಗೆಯಲ್ಲಿ ಶೇಕಡಾ 7ರಷ್ಟು ಸಿಲಿಕಾನ್, ಚೂರು ಮೆಗ್ನೀಸಿಯಂ, ಉಳಿದದ್ದೆಲ್ಲ ಬಹುಮಟ್ಟಿಗೆ ಅಲ್ಯುಮಿನಿಯಂ. ಆ ಲೋಹ ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಅದರ ಆಕ್ಸೈಡಿಗೆ ಪುಸ್ತಕದಲ್ಲಿ ಆಂಫೋಟೆರಿಕ್ ಎಂಬ ದೊಡ್ಡ ಹೆಸರಿದೆ. ಎರಡು ವಾರಗಳ ಹಿಂದಷ್ಟೇ ಅದನ್ನು ಸಮೀಕರಣ ಸಮೇತ ಬರೆದು ಪೂರ್ತಿ ಅಂಕ ಪಡೆದಿದ್ದ. ಆಮ್ಲ ಹಾಕಿದರೆ ಅಲ್ಯುಮಿನಿಯಂ ಕ್ಲೋರೈಡ್ ಆಗಿ ಜಲಜನಕ ಹೊರಬರುತ್ತದೆ ಎಂದು ಬರೆದಿದ್ದ ಕೈಯೇ ಬಾಟಲಿ ಸುರಿದಿತ್ತು. ಬೆಳಿಗ್ಗೆ ಕಂಡ ಗುಳ್ಳೆಗಳು ಆ ಜಲಜನಕದವು. ಹೋಗುತ್ತಿದ್ದದ್ದು ಕಲೆಯಷ್ಟೇ ಅಲ್ಲ, ಚಕ್ರವೂ ಹೌದು! ಉತ್ತರ ಪತ್ರಿಕೆಯಲ್ಲಿ ಇದ್ದದ್ದು ಅಂಗಳಕ್ಕೆ ಬರಲಿಲ್ಲ. ಅಮ್ಮನಿಗೆ ಸಮೀಕರಣ ಗೊತ್ತಿರಲಿಲ್ಲ, ಪಾತ್ರೆ ಗೊತ್ತಿತ್ತು.

ಮರುದಿನ ಪೂಜೆ ನಡೆಯಿತು. ಕಲೆಯಾದ ಚಕ್ರಕ್ಕೂ ಕುಂಕುಮ ಬಿತ್ತು, ಟೈರಿನಡಿ ಲಿಂಬೆಹಣ್ಣು ಒಡೆಯಿತು. ಆದರೆ ಚಕ್ರದ ಕಡ್ಡಿಗಳ ಸಂದಿಯಿಂದ ಕಾಣುವ ಬ್ರೇಕಿನ ಡಿಸ್ಕು ರಾತ್ರಿ ಬೆಳಗಾಗುವುದರೊಳಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಮೇಷ್ಟ್ರು ಕಂಡರು. ಆಮ್ಲ ಅಲ್ಲಿಗೂ ತಲುಪಿತ್ತು. ದಸರೆ ಮುಗಿದ ಮೇಲೆ ತಂದೆ ಮಗ ಇಬ್ಬರೂ ನಿಧಾನವಾಗಿ ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋದರು.

ಗ್ಯಾರೇಜಿನವರು ಚಕ್ರ ನೋಡಿದ್ದೇ ಕಂಡುಹಿಡಿದರು. ‘ಬಚ್ಚಲಿನ ಆಸಿಡ್ ಅಲ್ವಾ ಮಾಷ್ಟ್ರೇ? ವರ್ಷಕ್ಕೆ ನಾಲ್ಕು ಜನ ಹೀಗೆ ಮಾಡಿಕೊಂಡು ಬರ್ತಾರೆ.’ ಅವರು ಮೊದಲು ನೋಡಿದ್ದು ಹೊಳಪನ್ನಲ್ಲ. ಚಕ್ರ ಬಿಚ್ಚಿ ಡಿಸ್ಕು, ಪ್ಯಾಡು, ನಟ್ಟುಗಳನ್ನು ಪರೀಕ್ಷಿಸಿ ಎಲ್ಲವನ್ನೂ ತೊಳೆದು ಒರೆಸಿದರು. ಡಿಸ್ಕಿನದು ಮೇಲ್ಮೈ ತುಕ್ಕಷ್ಟೇ, ಅಪಾಯವಿಲ್ಲ ಎಂದರು. ಆಮೇಲೆ ಹುಡುಗನನ್ನು ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿದರು: ‘ಹಿಂದಿನ ಚಕ್ರ ಅಷ್ಟು ಕೊಳೆ ಇಲ್ಲ, ಮುಂದಿನದೇ ಕಪ್ಪು. ಯಾಕೆ ಹೇಳು?’

ಉತ್ತರ ಬ್ರೇಕಿನಲ್ಲಿತ್ತು. ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ; ಹೆಚ್ಚಿನ ಕೆಲಸ ಮುಂದಿನ ಬ್ರೇಕುಗಳದು. ಬೀಡುಕಬ್ಬಿಣದ ಡಿಸ್ಕನ್ನು ಪ್ಯಾಡುಗಳು ಅಮುಕಿ ಹಿಡಿಯುವಾಗ ಎರಡೂ ಸವೆದು, ಬಿಸಿಯಾದ ಕಬ್ಬಿಣದ ಪುಡಿ ಚಕ್ರಕ್ಕೆ ಹಾರಿ ಅಂಟುತ್ತದೆ. ಕಡಲಿನ ತೇವ ತಾಗಿದರೆ ಅಲ್ಲೇ ತುಕ್ಕು ಹಿಡಿದು ಕಂದು ಚುಕ್ಕಿಯಾಗುತ್ತದೆ. ಮುರಕಲ್ಲಿನ ನೆಲದ ಕೆಂಪು ಯಾವುದೋ ಚಕ್ರದ ಮೇಲಿನ ಕೆಂಪೂ ಅದೇ, ಕಬ್ಬಿಣದ ತುಕ್ಕು. ಆದರೆ ಒಂದು ನೀರಿಗೆ ಹೋಗುತ್ತದೆ, ಇನ್ನೊಂದು ಕಚ್ಚಿ ಕೂರುತ್ತದೆ.

ಹಾಗಾದರೆ ಚಕ್ರಕ್ಕೆ ರಕ್ಷಣೆ ಏನು? ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಆಮ್ಲಜನಕವನ್ನು ಹಿಡಿದು ತನ್ನ ಮೇಲೊಂದು ಆಕ್ಸೈಡಿನ ಚರ್ಮ ಬೆಳೆಸಿಕೊಳ್ಳುತ್ತದೆ. ಅದರ ದಪ್ಪ ಮೂರು ನಾಲ್ಕು ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರು! ಇಷ್ಟು ತೆಳುವಾದ ಚರ್ಮ ಒಳಗಿನ ಲೋಹವನ್ನೆಲ್ಲ ಕಾಯುತ್ತದೆ. ಆ ಹಿಡಿತ ಎಷ್ಟು ಬಿಗಿಯೆಂದರೆ ಆಮ್ಲಜನಕವನ್ನು ಬಿಡಿಸಿ ಲೋಹವನ್ನು ಅಗ್ಗವಾಗಿ ಪಡೆಯಲು 1886ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಹೆರೌಲ್ಟ್ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ವಿದ್ಯುತ್ತಿನಿಂದ ಅದನ್ನು ಸಾಧಿಸಿದರು. ಇಬ್ಬರಿಗೂ ಆಗ ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ.

ಈ ಹುಟ್ಟುಚರ್ಮದ ಮೇಲೆ ಕಾರ್ಖಾನೆಯವರು ಬಣ್ಣ, ಅದರ ಮೇಲೆ ಪಾರದರ್ಶಕ ಲ್ಯಾಕರ್ ಹೊದಿಸುತ್ತಾರೆ. ಸಣ್ಣ ಕಲ್ಲು ಬಡಿದು ಲ್ಯಾಕರ್ ಒಡೆದಲ್ಲಿ ಉಪ್ಪು ಒಳಗೆ ನುಗ್ಗುತ್ತದೆ. ಉಪ್ಪಿನ ಕ್ಲೋರೈಡು ಆಕ್ಸೈಡನ್ನು ಅಲ್ಲಲ್ಲಿ ತೂತುಮಾಡಿ, ಲ್ಯಾಕರಿನ ಅಡಿಯಲ್ಲೇ ಹುಳು ಹರಿದಂತೆ ಬಿಳಿ ಗೆರೆಗಳನ್ನು ಎಳೆಯುತ್ತದೆ. ಕಡಲ ಹತ್ತಿರದ ಊರಿನಲ್ಲಿ ಚಕ್ರ ತೊಳೆಯುವುದು ಅಂದಕ್ಕಷ್ಟೇ ಅಲ್ಲ, ಆಯುಷ್ಯಕ್ಕೂ ಬೇಕು. ಆದರೆ ತೊಳೆಯುವುದೆಂದರೆ ಕೊಳೆ ತೆಗೆಯುವುದು, ಚರ್ಮ ಸುಲಿಯುವುದಲ್ಲ.

‘ಈ ಕಲೆ ಪೂರ್ತಿ ಹೋಗ್ಲಿಕ್ಕಿಲ್ಲ. ಮುಂದೆ ತಿನ್ನದ ಹಾಗೆ ಲ್ಯಾಕರ್ ಹೊಡೆದು ಕೊಡ್ತೇನೆ’ ಎಂದ ಗ್ಯಾರೇಜಿನವರು ತೊಳೆಯುವ ಕ್ರಮವನ್ನೂ ಹೇಳಿಕೊಟ್ಟರು. ಮುಂದಿನ ಭಾನುವಾರ ಅಂಗಳದಲ್ಲಿ ಅದರ ಪ್ರಯೋಗ ನಡೆಯಿತು. ಈ ಸಲ ಇಬ್ಬರು.

ಕಾರು ನೆರಳಿನಲ್ಲಿತ್ತು. ಹಿಂದಿನ ರಾತ್ರಿಯಿಂದ ಓಡಿರಲಿಲ್ಲ. ಬಿಸಿ ಚಕ್ರದ ಮೇಲೆ ಸಾಬೂನು ಹಾಕಿದರೆ ತೊಳೆಯುವ ಮೊದಲೇ ಒಣಗಿ ಕಲೆಯಾಗುತ್ತದೆ. ಕಾದ ಡಿಸ್ಕಿಗೆ ತಣ್ಣೀರು ಸುರಿಯುವುದೂ ಒಳ್ಳೆಯದಲ್ಲ. ಮೊದಲು ಪೈಪಿನಿಂದ ಬರೀ ನೀರು, ಧಾರಾಳವಾಗಿ. ಬ್ರೇಕಿನ ಪುಡಿಯನ್ನು ಒಣಗಿದ್ದಾಗ ಗುಡಿಸಬಾರದು, ಊದಬಾರದು, ಉಸಿರಿಗೆ ಹೋಗುತ್ತದೆ. ಹಳೆಯ ಕೆಲವು ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತೆಂಬುದನ್ನೂ ಮರೆಯುವಂತಿಲ್ಲ.

ಬಕೇಟು ಎರಡು. ಒಂದರಲ್ಲಿ ಕಾರಿನ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬ್ರಷ್ ಅದ್ದಿ ತೊಳೆಯಲು ಬರೀ ನೀರು. ಹೀಗೆ ಮಾಡಿದರೆ ಒಮ್ಮೆ ಕಿತ್ತ ಮರಳು, ಕಬ್ಬಿಣದ ಪುಡಿ ಮತ್ತೆ ಚಕ್ರಕ್ಕೆ ಹೋಗಿ ಗೀರುವುದಿಲ್ಲ. ಚಕ್ರಕ್ಕೆ ಬಳಸಿದ ಬಟ್ಟೆ, ಬ್ರಷ್ಷುಗಳನ್ನು ಕಾರಿನ ಮೈಗೆ ಮುಟ್ಟಿಸುವಂತಿಲ್ಲ. ಮೆತ್ತನೆಯ ಬ್ರಷ್ಷಿನಿಂದ ಕಡ್ಡಿಗಳಿಗೆ, ಹಳೆಯ ಟೂತ್‌ಬ್ರಷ್ಷಿನಿಂದ ನಟ್ಟಿನ ಸುತ್ತ. ಒಂದು ಚಕ್ರ ಮುಗಿಸಿ, ನೀರು ಹಾಕಿಯೇ ಇನ್ನೊಂದಕ್ಕೆ ಕೈ. ಕಂದು ಚುಕ್ಕಿಗಳು ಇದಕ್ಕೂ ಬಗ್ಗದಿದ್ದಾಗ ಕಬ್ಬಿಣದ ಪುಡಿ ತೆಗೆಯಲೆಂದೇ ಮಾಡಿದ ದ್ರವವನ್ನು ಹುಡುಗ ಸಿಂಪಡಿಸಿದ. ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದೊಡನೆ ಸೇರಿ ನೇರಳೆ ಬಣ್ಣವಾಯಿತು. ವಾಸನೆ ಮಾತ್ರ ಸಹಿಸಲಸಾಧ್ಯ. ಡಬ್ಬಿಯ ಮೇಲೆ ಹೇಳಿದ ನಿಮಿಷ ಮೀರದಂತೆ, ಒಣಗಲು ಬಿಡದೆ ತೊಳೆದ.

ಡಬ್ಬಿ ಕೊಳ್ಳುವಾಗ ಅವನು ಅಂಗಡಿಯಲ್ಲೇ ನಿಂತು ಸಣ್ಣಕ್ಷರವನ್ನೆಲ್ಲ ಓದಿದ್ದ. ಚಕ್ರ ತೊಳೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುವುದುಂಟು. ಅದು ಚರ್ಮದೊಳಕ್ಕೆ ಇಳಿದು, ನೋವು ಎಷ್ಟೋ ಹೊತ್ತಿನ ಮೇಲೆ ತೋರಿ, ದೇಹದ ಕ್ಯಾಲ್ಸಿಯಮ್ಮನ್ನೇ ಹಿಡಿದುಬಿಡುವ ವಿಷ. ಮನೆಯ ಅಂಗಳಕ್ಕೆ ಅದು ಬರಲೇಬಾರದು. ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ, ಪಿಎಚ್ 7ರ ಆಸುಪಾಸಿನದೇ ಕ್ಷೇಮ. ಹಾಗೆಯೇ ಬಚ್ಚಲಿನ ಆಮ್ಲವನ್ನು ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಸೇರಿಸಬಾರದು. ಕ್ಲೋರಿನ್ ಅನಿಲ ಹೊರಡುತ್ತದೆ.

ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮೇಣದ ಪಾಲಿಶನ್ನು ತೆಳ್ಳಗೆ ಹಚ್ಚಿ ಉಜ್ಜಿದರು. ಮುಂದಿನ ಕೊಳೆ ಅಷ್ಟು ಬಿಗಿಯಾಗಿ ಹಿಡಿಯದಿರಲು, ಉಪ್ಪಿನ ನೀರು ಜಾರಿಹೋಗಲು ಅದು ಸಾಕು. ಆದರೆ ಡಿಸ್ಕಿಗೆ, ಟೈರು ನೆಲಕ್ಕೆ ತಾಗುವ ಭಾಗಕ್ಕೆ ಒಂದು ತೊಟ್ಟೂ ಸೋಕಬಾರದು. ಚಕ್ರದ ಒಳಮೈ ತೊಳೆಯಬೇಕೆಂದು ಮನೆಯಲ್ಲಿ ಜಾಕ್ ಏರಿಸುವ ಸಾಹಸವೂ ಬೇಡ. ಅದು ಗ್ಯಾರೇಜಿನ ಕೆಲಸ. ಕಡೆಗೆ ಮೇಷ್ಟ್ರು ಕಾರನ್ನು ಮನೆಯ ಮುಂದಿನ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಎರಡು ಮೂರು ಸಲ ಮೆಲ್ಲಗೆ ಬ್ರೇಕು ಒತ್ತಿ ಡಿಸ್ಕು ಒಣಗಿಸಿದರು. ಬೀಚಿನ ಕಡೆ ಹೋಗಿ ಬಂದ ದಿನ ಬರೀ ನೀರಿನಲ್ಲಾದರೂ ಚಕ್ರ ತೊಳೆಯುವುದೆಂದು ಅಂದೇ ತೀರ್ಮಾನವಾಯಿತು.

ಇಷ್ಟೆಲ್ಲ ನಡೆಯುವ ಮೊದಲು ಇನ್ನೊಂದು ಸಣ್ಣ ಕೆಲಸ ಆಗಿತ್ತು. ಬೆಳಿಗ್ಗೆ ಹುಡುಗ ಬಕೇಟು ತರುವಷ್ಟರಲ್ಲಿ ಮೇಷ್ಟ್ರು ರಬ್ಬರಿನ ಕೈಗವಸು, ಕಣ್ಣಿಗೆ ಹಾಕುವ ಕನ್ನಡಕ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ‘ಕೈ ಕೊಡು’ ಎಂದರು. ಗವಸು ಹಾಕುವ ಮೊದಲು ಮಣಿಕಟ್ಟಿನ ಗುರುತನ್ನು ಬೆರಳಿನಿಂದ ಸವರಿ ನೋಡಿದರು.

‘ಏಕಮಾನ ಬರೆಯದ ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತೇನೆ. ಆ ಬಾಟಲಿಗೆ ನಾನೇ ಹೆಸರು ಬರೆದಿರಲಿಲ್ಲ’ ಎಂದರು. ಆಮ್ಲ ಈಗ ಮೂಲ ಕ್ಯಾನಿಗೇ ಮರಳಿ, ಬೀಗ ಹಾಕುವ ಕಪಾಟು ಸೇರಿತ್ತು.

ಕಾರು ಒಳಗೆ ತಂದು ನಿಲ್ಲಿಸುವಾಗ ಕಲೆಯಾದ ಚಕ್ರ ಗೋಡೆಯ ಕಡೆಗೆ ಬರುವಂತೆ ಹುಡುಗ ಕೈಸನ್ನೆ ಮಾಡಿದ. ಮೇಷ್ಟ್ರು ಒಪ್ಪಲಿಲ್ಲ. ಅದು ಅಂಗಳಕ್ಕೆ ಕಾಣುವಂತೆಯೇ ನಿಲ್ಲಿಸಿ ಇಳಿದರು. ನಾಲ್ಕು ಹೆಜ್ಜೆ ನಡೆದು ಎಂದಿನಂತೆ ತಿರುಗಿದರು. ಈ ಸಲ ನೋಡಿದ್ದು ಬಕೇಟು ಎತ್ತಿಕೊಂಡು ಹಿಂದೆ ಬರುತ್ತಿದ್ದ ಮಗನನ್ನು.

‘ಸ್ನಾನ ಮಾಡಿ ಬಾ. ಆ ಗಣಿತದ ಪೇಪರು ತಾ, ಇಬ್ಬರೂ ಕೂತು ನೋಡುವ’ ಎಂದರು.