ಹಂಪಿಯ ಒಂದು ನಿಮಿಷ

ಕೊನೇರು ಹಂಪಿ 2002ರಲ್ಲೇ, ಹದಿನೈದರ ಹುಡುಗಿಯಾಗಿದ್ದಾಗ, ಗ್ರ್ಯಾಂಡ್‌ಮಾಸ್ಟರ್ ಆದವರು. ಬೋರ್ಡಿನ ಮುಂದೆ ಕೂತು ಗಂಟೆಗಟ್ಟಲೆ ಯೋಚಿಸಿ, ಎದುರಾಳಿಯನ್ನು ನಿಧಾನವಾಗಿ ಇಕ್ಕಟ್ಟಿಗೆ ತಳ್ಳುವ ಆಟ ಅವರದು. ಅಂಥವರು 2020ರಲ್ಲಿ, ಕೊರೊನಾ ಎಲ್ಲ ಟೂರ್ನಿಗಳಿಗೂ ಬೀಗ ಹಾಕಿದಾಗ, ಆನ್‌ಲೈನ್ ಸ್ಪೀಡ್ ಚೆಸ್‌ಗೆ ಬಂದರು. ಐದು ನಿಮಿಷದ ಆಟ, ಆಮೇಲೆ ಮೂರು ನಿಮಿಷದ್ದು, ಕೊನೆಗೆ ಒಂದೇ ನಿಮಿಷದ್ದು! ಅಲ್ಲಿ ಒಳ್ಳೆಯ ನಡೆ ಹೊಳೆದರೆ ಸಾಲದು, ಮೌಸ್ ಹಿಡಿದ ಕೈಯೂ ಅಷ್ಟೇ ಚುರುಕಾಗಿರಬೇಕು. ರಾಣಿಯನ್ನು ಒಂದು ಮನೆ ಆಚೆ ಬಿಟ್ಟರೆ ಮುಗಿಯಿತು, ವಾಪಸ್ ತೆಗೆಯುವಂತಿಲ್ಲ. ಆ ಜುಲೈನಲ್ಲಿ ಅವರು ಹೌ ಯಿಫಾನ್ ಅವರನ್ನೇ ಸೋಲಿಸಿದರು. ಯಿಫಾನ್ ಎಂದರೆ ಮಹಿಳಾ ಚೆಸ್‌ನಲ್ಲಿ ಆಗಿನ ನಂಬರ್ ಒನ್.

ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಆಗಸ್ಟ್‌ನ ಆನ್‌ಲೈನ್ ಒಲಿಂಪಿಯಾಡ್. ಪೋಲೆಂಡ್ ವಿರುದ್ಧದ ಸೆಮಿಫೈನಲ್ ಸಮವಾಗಿ, ಇಡೀ ತಂಡದ ಭವಿಷ್ಯ ಒಂದೇ ಅರ್ಮಗೆಡನ್ ಆಟಕ್ಕೆ ಬಂದು ನಿಂತಿತು. ಅಂಥ ಆಟದಲ್ಲಿ ಕಪ್ಪು ಕಾಯಿಗಳವರಿಗೆ ಗಡಿಯಾರದಲ್ಲಿ ಸಮಯ ಕಡಿಮೆ, ಆದರೆ ಡ್ರಾ ಆದರೂ ಸಾಕು. ಹಂಪಿ ಕಪ್ಪಿನಲ್ಲೇ ಆಡಿ, ಡ್ರಾಗೆ ನಿಲ್ಲದೆ ಮೋನಿಕಾ ಸೋಚ್ಕೊ ಅವರನ್ನು ಗೆದ್ದರು. ಭಾರತ ಫೈನಲ್ ತಲುಪಿ ರಷ್ಯಾ ಜೊತೆ ಚಿನ್ನ ಹಂಚಿಕೊಂಡಿತು.

ಮೂವತ್ತು ದಾಟಿದ ಮೇಲೆ, ತಾಯಿಯಾಗಿ ಆಟಕ್ಕೆ ಮರಳಿದ ಮೇಲೆ, ವೇಗ ಕುಗ್ಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ವಿಶ್ವ ರ‍್ಯಾಪಿಡ್‌ನ ಮೊದಲ ಸುತ್ತು ಸೋತ ಇದೇ ಹಂಪಿ, 11ಕ್ಕೆ 8.5 ಅಂಕ ಗಳಿಸಿ ಎರಡನೇ ಬಾರಿ ಚಾಂಪಿಯನ್ ಆದರು.